ಚಂದ್ರನ ಕೃತಕ ಮಣ್ಣು

ಚಂದ್ರನ ಕೃತಕ ಮಣ್ಣು ಎಂಬುದು ಚಂದ್ರನ ಮೇಲ್ಮೈಯ ಪುಡಿಮಣ್ಣನ್ನು ರಾಸಾಯನಿಕ ಸಂಯೋಜನೆ, ಖನಿಜಾಂಶ ಹಾಗೂ ಕಣಗಳ ಗಾತ್ರದಲ್ಲಿ ಹೋಲುವಂತೆ ಭೂಮಿಯ ಶಿಲೆಗಳಿಂದ ತಯಾರಿಸಿದ ಪದಾರ್ಥ. ಚಂದ್ರಯಾನ-2ರ ಸಿದ್ಧತೆಗಾಗಿ ಬೆಂಗಳೂರಿನ ಯು. ಆರ್. ರಾವ್ ಉಪಗ್ರಹ ಕೇಂದ್ರವು (ಹಿಂದಿನ ಹೆಸರು ಇಸ್ರೋ ಉಪಗ್ರಹ ಕೇಂದ್ರ) ರೂಪಿಸಿದ ಮಣ್ಣನ್ನು ಎಲ್‌ಎಸ್‌ಎಸ್-ಐಎಸ್‌ಎಸಿ-1 ಎಂದು ಕರೆಯಲಾಗುತ್ತದೆ. ತಮಿಳುನಾಡಿನ ನಾಮಕ್ಕಲ್ ಜಿಲ್ಲೆಯ ಸಿತ್ತಂಪೂಂಡಿಯಲ್ಲಿ ದೊರೆಯುವ ಅನಾರ್ಥೊಸೈಟ್ ಶಿಲೆ ಇದರ ಮೂಲವಸ್ತು.

ಹಿನ್ನೆಲೆ

ಬರಿಗಣ್ಣಿಗೆ ಚಂದ್ರನಲ್ಲಿ ಕಾಣುವ ಕಪ್ಪು ಭಾಗಗಳು ಬಸಾಲ್ಟ್ ಶಿಲೆಯ ಬಯಲುಗಳು. ಬೆಳ್ಳಗಿನ ಭಾಗಗಳು ಅನಾರ್ಥೊಸೈಟ್ ಪ್ರಧಾನವಾದ ಎತ್ತರದ ಪ್ರದೇಶಗಳು. ಅಮೆರಿಕದಲ್ಲಿ ಬಳಕೆಗೆ ಬಂದ ಜೆಎಸ್‌ಸಿ-1 ಎಂಬ ಕೃತಕ ಮಣ್ಣನ್ನು ಅರಿಜೋನಾದ ಬಸಾಲ್ಟ್ ಜ್ವಾಲಾಮುಖಿ ಬೂದಿಯಿಂದ ತಯಾರಿಸಲಾಗಿತ್ತು. ಚಂದ್ರಯಾನ-2 ಇಳಿಯಬೇಕಾಗಿದ್ದುದು ದಕ್ಷಿಣದ ಎತ್ತರದ ಪ್ರದೇಶದಲ್ಲಿ. ಲ್ಯಾಂಡರಿನ ಕಾಲು ಎಷ್ಟು ಹೂತುಹೋಗುತ್ತದೆ, ರೋವರಿನ ಚಕ್ರ ಜಾರುತ್ತದೆಯೇ ಎಂಬುದು ಮಣ್ಣಿನ ಗುಣವನ್ನೇ ಅವಲಂಬಿಸಿರುವುದರಿಂದ, ಪರೀಕ್ಷೆಗೆ ಅಲ್ಲಿನದನ್ನೇ ಹೋಲುವ ಮಣ್ಣು ಬೇಕಿತ್ತು. ಅದೂ ಹತ್ತಾರು ಟನ್ನುಗಳಷ್ಟು. ಅಷ್ಟನ್ನು ಆಮದು ಮಾಡಿಕೊಳ್ಳುವುದು ಬಹಳ ದುಬಾರಿಯಾಗುತ್ತಿತ್ತು.

ಶಿಲೆಯ ಆಯ್ಕೆ

ಅನಾರ್ಥೊಸೈಟ್ ಅಪರೂಪದ ಶಿಲೆಯೇನಲ್ಲ. ಹಾಸನ ಜಿಲ್ಲೆಯ ನುಗ್ಗಿಹಳ್ಳಿ ಮತ್ತು ಹೊಳೆನರಸೀಪುರ ಶಿಲಾಪಟ್ಟಿಗಳಲ್ಲಿಯೂ ಅದು ಕಂಡುಬರುತ್ತದೆ. ಆದರೆ ಭೂಮಿಯ ಬಹುಪಾಲು ಅನಾರ್ಥೊಸೈಟ್‌ಗಳ ಫೆಲ್ಡ್‌ಸ್ಪಾರ್ ಖನಿಜದಲ್ಲಿ ಸೋಡಿಯಂ ಗಣನೀಯವಾಗಿರುತ್ತದೆ. ಚಂದ್ರನ ಫೆಲ್ಡ್‌ಸ್ಪಾರ್ ಹೆಚ್ಚುಕಡಿಮೆ ಶುದ್ಧ ಕ್ಯಾಲ್ಸಿಯಂ ಬಗೆಯದು. ಸಿತ್ತಂಪೂಂಡಿಯ ಶಿಲೆ ಈ ವಿಷಯದಲ್ಲಿ ಚಂದ್ರನ ಶಿಲೆಗೆ ಬಹು ಸಮೀಪದ್ದು. ಸೇಲಂನ ಪೆರಿಯಾರ್ ವಿಶ್ವವಿದ್ಯಾನಿಲಯ ಹಾಗೂ ತಿರುಚಿರಾಪಳ್ಳಿಯ ರಾಷ್ಟ್ರೀಯ ತಾಂತ್ರಿಕ ಸಂಸ್ಥೆಯ ತಜ್ಞರೂ ಈ ಕಾರ್ಯದಲ್ಲಿ ಪಾಲ್ಗೊಂಡರು. ಶಿಲೆಯನ್ನು ಒಡೆದು, ಅರೆದು, ಅಪೋಲೊ 16 ಯಾತ್ರೆಯು 1972ರಲ್ಲಿ ಎತ್ತರದ ಪ್ರದೇಶದಿಂದ ತಂದ ಮಣ್ಣಿನ ಕಣಗಾತ್ರಕ್ಕೆ ಹೊಂದಿಸಲಾಯಿತು. ತಯಾರಿಕಾ ವಿಧಾನಕ್ಕೆ 2014ರಲ್ಲಿ ಅರ್ಜಿ ಸಲ್ಲಿಸಲಾಗಿ, 2020ರಲ್ಲಿ ಭಾರತೀಯ ಪೇಟೆಂಟ್ ದೊರೆಯಿತು.

ಬಳಕೆ

ಈ ಮಣ್ಣನ್ನು ಬೆಂಗಳೂರಿನ ಇಸ್ರೋ ಪರೀಕ್ಷಾಂಗಣದಲ್ಲಿ ಹರಡಿ, ಅದರ ಮೇಲೆ ಲ್ಯಾಂಡರಿನ ಕಾಲುಗಳನ್ನು ಬೀಳಿಸಿ, ರೋವರನ್ನು ಓಡಿಸಿ ನೋಡಲಾಯಿತು. ಚಂದ್ರನ ಗುರುತ್ವ ಭೂಮಿಯದರ ಆರನೆಯ ಒಂದು ಭಾಗ ಮಾತ್ರವಾದ್ದರಿಂದ ರೋವರಿನ ಭಾರವನ್ನು ಹೀಲಿಯಂ ಬಲೂನಿನ ನೆರವಿನಿಂದ ತಗ್ಗಿಸಬೇಕಾಯಿತು. ಲ್ಯಾಂಡರಿನ ಸಂವೇದಕಗಳ ಪರೀಕ್ಷೆ ಬೇರೆಯೇ ಕೆಲಸ. ಅದಕ್ಕಾಗಿ ಚಿತ್ರದುರ್ಗ ಜಿಲ್ಲೆಯ ಚಳ್ಳಕೆರೆ ಬಳಿಯ ಉಳ್ಳಾರ್ತಿಯಲ್ಲಿ ಕೃತಕ ಕುಳಿಗಳನ್ನು ತೋಡಲಾಗಿತ್ತು.

ಹೋಲಿಕೆಗೆ ಮಿತಿಯೂ ಉಂಟು. ಚಂದ್ರನಲ್ಲಿ ಗಾಳಿಯಿಲ್ಲದ ಕಾರಣ ಸೂಕ್ಷ್ಮ ಉಲ್ಕೆಗಳು ನೇರವಾಗಿ ನೆಲಕ್ಕೆ ಬಡಿದು ಮಣ್ಣನ್ನು ಕರಗಿಸುತ್ತವೆ. ಹಾಗೆ ಹುಟ್ಟುವ ಗಾಜಿನಂಥ ಬೆಸುಗೆಕಣಗಳು ಅಲ್ಲಿನ ಮಣ್ಣಿನಲ್ಲಿ ಹೇರಳ. ಶಿಲೆಯನ್ನು ಅರೆದು ಪಡೆದ ಪುಡಿಯಲ್ಲಿ ಅವು ಇರುವುದಿಲ್ಲ.

ನಂತರದ ಫಲಿತಾಂಶ

2019ರ ಸೆಪ್ಟೆಂಬರಿನಲ್ಲಿ ಚಂದ್ರಯಾನ-2ರ ಲ್ಯಾಂಡರ್ ಇಳಿಯುವಾಗ ನಿಯಂತ್ರಣ ತಪ್ಪಿ ಅಪ್ಪಳಿಸಿದ್ದರಿಂದ ರೋವರ್ ಹೊರಬರಲೇ ಇಲ್ಲ. ನಾಲ್ಕು ವರ್ಷಗಳ ತರುವಾಯ, 2023ರ ಆಗಸ್ಟ್ 23ರಂದು, ಚಂದ್ರಯಾನ-3 ಸುಮಾರು 69 ಡಿಗ್ರಿ ದಕ್ಷಿಣ ಅಕ್ಷಾಂಶದಲ್ಲಿ ಇಳಿಯಿತು. ಪ್ರಜ್ಞಾನ್ ರೋವರ್ ಸುಮಾರು ನೂರು ಮೀಟರ್ ಸಂಚರಿಸಿತು. ಅದರ ಎಕ್ಸ್-ಕಿರಣ ಉಪಕರಣವು 23 ಕಡೆಗಳಲ್ಲಿ ಮಾಡಿದ ಅಳತೆಗಳ ವಿವರ 2024ರಲ್ಲಿ ‘ನೇಚರ್’ ಪತ್ರಿಕೆಯಲ್ಲಿ ಪ್ರಕಟವಾಯಿತು. ಅಲ್ಲಿನ ಮಣ್ಣು ಹೆಚ್ಚು ವ್ಯತ್ಯಾಸವಿಲ್ಲದೆ ಅನಾರ್ಥೊಸೈಟ್ ಪ್ರಧಾನವಾದದ್ದೆಂದು ತಿಳಿದುಬಂದಿತು. ಆರಂಭದಲ್ಲಿ ಚಂದ್ರನನ್ನು ಶಿಲಾಪಾಕದ ಸಾಗರವೊಂದು ಆವರಿಸಿತ್ತು, ಹಗುರವಾದ ಫೆಲ್ಡ್‌ಸ್ಪಾರ್ ಅದರಲ್ಲಿ ತೇಲಿ ಮೇಲ್ಪದರವಾಯಿತು ಎಂಬ ಸಿದ್ಧಾಂತಕ್ಕೂ ಈ ಅಳತೆಗಳು ಪೂರಕವಾಗಿವೆ.