ಆಕಾಶಕ್ಕೊಂದು ಲೆಕ್ಕ, ನೆಲಕ್ಕೊಂದು ಲೆಕ್ಕ

ಆದೋನಿಯಿಂದ ಕಡಲು ಎರಡು ಕಡೆಗೂ ದೂರ. ಪಡುವಣಕ್ಕೆ ಹೊರಟರೆ ಗೋಕರ್ಣ, ಕಾರವಾರ. ಮೂಡಣಕ್ಕೆ ಹೊರಟರೆ ಬಾಪಟ್ಲದ ಸೂರ್ಯಲಂಕ. ಕಡಲ ಮೇಲೆ ಹೊತ್ತು ಮುಳುಗುವುದನ್ನು ಹಿಡಿಯಲು ಒಂದು ದಿಕ್ಕಿಗೆ, ಹೊತ್ತು ಹುಟ್ಟುವುದನ್ನು ಹಿಡಿಯಲು ಇನ್ನೊಂದು ದಿಕ್ಕಿಗೆ ರಾತ್ರಿಯಿಡೀ ಪಯಣ. ಆದರೆ ಊರಿನ ಬಡಗಣಕ್ಕೆ, ಮಂತ್ರಾಲಯದ ಸುತ್ತಮುತ್ತ, ತುಂಗಭದ್ರೆ ಸುಮಾರಾಗಿ ಮೂಡಣಕ್ಕೆ ಹರಿಯುತ್ತಾಳೆ. ಆಚೆ ದಂಡೆ ರಾಯಚೂರು ಜಿಲ್ಲೆ, ಈಚೆ ದಂಡೆ ಕರ್ನೂಲು. ಬೆಳಗ್ಗೆ ಹೊಳೆಯ ಇಳಿಮುಖಕ್ಕೆ ತಿರುಗಿ ನಿಂತರೆ ಉದಯ, ಸಂಜೆ ಏರುಮುಖಕ್ಕೆ ತಿರುಗಿದರೆ ಅಸ್ತ. ಕಡಲ ದಂಡೆಯಲ್ಲಿ ಒಂದೇ ಕಡೆ ಎರಡೂ ಸಿಗುವ ತಾಣಗಳು ಬಲು ಅಪರೂಪ. ಹೀಗಾಗಿ ಕಡಲ ಉದಯ-ಅಸ್ತಕ್ಕೆ ಬಳಸುವ ಫಿಲ್ಟರ್‌ಗಳ ಕಥೆಯನ್ನು ಈ ಹೊಳೆಯ ದಂಡೆಯಿಂದ ಹೇಳುವುದರಲ್ಲಿ ನನಗೆ ಯಾವ ಅಳುಕೂ ಇಲ್ಲ. ಆ ಕಥೆಯ ಮೊದಲ ಪುಟಗಳಲ್ಲೊಂದು ಇದೇ ಹೊಳೆಯ ಮೇಲ್ದಂಡೆಯಲ್ಲಿದೆ.

ತೊಂದರೆ ಇರುವುದು ಇಷ್ಟೇ. ಸೂರ್ಯ ಕಾಣಿಸಿಕೊಳ್ಳುವ ಹೊತ್ತಿಗೆ ಆಕಾಶ ಹೊಳೆಯುತ್ತಿರುತ್ತದೆ, ಎದುರಿನ ಬಂಡೆ ಇನ್ನೂ ಕತ್ತಲಲ್ಲಿರುತ್ತದೆ. ನಮ್ಮ ಕಣ್ಣು ಎರಡನ್ನೂ ಸರಿತೂಗಿಸಿಕೊಂಡು ನೋಡುತ್ತದೆ. ಕ್ಯಾಮೆರಾಕ್ಕೆ ಆ ಚಳಕ ಇಲ್ಲ. ಆಕಾಶಕ್ಕೆ ಬೆಳಕಿನ ಲೆಕ್ಕ ಹಾಕಿದರೆ ನೆಲ ಮಸಿ, ನೆಲಕ್ಕೆ ಲೆಕ್ಕ ಹಾಕಿದರೆ ಆಕಾಶ ಸುಣ್ಣ. ಫಿಲ್ಟರ್‌ಗಳ ನೂರೈವತ್ತು ವರ್ಷದ ಚರಿತ್ರೆಯೆಲ್ಲ ಈ ಒಂದು ಜಗಳವನ್ನು ಬಗೆಹರಿಸುವ ಚರಿತ್ರೆ.

ಮದ್ರಾಸ್ ಸೈನ್ಯದ ಅಧಿಕಾರಿ ಅಲೆಗ್ಸಾಂಡರ್ ಗ್ರೀನ್‌ಲಾ 1856ರ ಸುಮಾರಿಗೆ ತುಂಗಭದ್ರೆಯ ಮೇಲ್ದಂಡೆಯ ಹಂಪಿಯಲ್ಲಿ ಗುಡಿಗೋಪುರಗಳ ಚಿತ್ರ ತೆಗೆದರು. ಬಳಸಿದ್ದು ಕಾಗದದ ದೊಡ್ಡ ನೆಗೆಟಿವ್‌ಗಳು. ಆಗ ಹಂಪಿ, ಆದೋನಿ ಎರಡೂ ಬಳ್ಳಾರಿ ಜಿಲ್ಲೆಯಲ್ಲಿದ್ದವು. ಆದೋನಿ, ಆಲೂರು, ರಾಯದುರ್ಗ ಆಂಧ್ರಕ್ಕೆ ಸೇರಿದ್ದು 1953ರಲ್ಲಿ. ಆ ಕಾಲದ ನೆಗೆಟಿವ್‌ನ ಬೆಳ್ಳಿಲವಣಕ್ಕೆ ನೀಲಿ ಬೆಳಕು ಮಾತ್ರ ಚೆನ್ನಾಗಿ ತಟ್ಟುತ್ತಿತ್ತು. ಕೆಂಪು ಕಲ್ಲಿನ ಗೋಡೆ ಮೂಡುವಷ್ಟು ಹೊತ್ತು ಲೆನ್ಸ್ ತೆರೆದಿಟ್ಟರೆ ನೀಲಿ ಆಕಾಶ ಸುಟ್ಟು ಬೆಳ್ಳಗಾಗುತ್ತಿತ್ತು. ಹಳೆಯ ಚಿತ್ರಗಳಲ್ಲಿ ಗೋಪುರದ ಹಿಂದೆ ಮೋಡವೇ ಕಾಣದಿರುವುದು ಇದರಿಂದ. ಆ ದಿನ ಮೋಡ ಇರಲಿಲ್ಲವೆಂದು ತಿಳಿಯಬೇಕಾಗಿಲ್ಲ, ಮೋಡಕ್ಕೂ ನೀಲಿಗೂ ಇದ್ದ ಅಂತರ ಅಳಿಸಿಹೋಗಿತ್ತು. 1983ರಲ್ಲಿ ಆಸ್ಟ್ರೇಲಿಯಾದ ಜಾನ್ ಗಾಲಿಂಗ್ಸ್ ಅವೇ ಜಾಗಗಳಲ್ಲಿ ನಿಂತು ಮತ್ತೆ ಚಿತ್ರ ತೆಗೆದರು. ಎರಡನ್ನೂ ಪಕ್ಕಪಕ್ಕ ಇಟ್ಟು ನೋಡುವಾಗ ಹೆಚ್ಚಿನವರು ಗೋಡೆ, ಕಂಬಗಳನ್ನು ಹೋಲಿಸುತ್ತಾರೆ. ನನ್ನ ಕಣ್ಣು ಮೊದಲು ಹೋಗುವುದು ಆಕಾಶಕ್ಕೆ.

ಗ್ರೀನ್‌ಲಾ ಹಂಪಿಯಲ್ಲಿದ್ದ ಕಾಲದಲ್ಲೇ ಫ್ರಾನ್ಸಿನ ಗುಸ್ತಾವ್ ಲ ಗ್ರೇ ಕಡಲ ದಂಡೆಯಲ್ಲಿ ಇದೇ ಸಮಸ್ಯೆಯನ್ನು ಎದುರಿಸುತ್ತಿದ್ದರು. 1856–57ರ ಅವರ ಕಡಲ ಚಿತ್ರಗಳು ನೋಡಿದವರನ್ನು ಬೆರಗುಗೊಳಿಸಿದವು: ಒಂದೇ ಚೌಕಟ್ಟಿನಲ್ಲಿ ಅಲೆಯೂ ಇತ್ತು, ಮೋಡವೂ ಇತ್ತು. ಕೆಲವು ಚಿತ್ರಗಳಿಗೆ ಅವರು ಹಿಡಿದ ದಾರಿ ಸರಳ, ಆದರೆ ಕೈಕೆಲಸ ಕಠಿಣ. ಆಕಾಶಕ್ಕೊಂದು ನೆಗೆಟಿವ್, ಕಡಲಿಗೊಂದು ನೆಗೆಟಿವ್. ಎರಡನ್ನೂ ದಿಗಂತದ ಗೆರೆಯಲ್ಲಿ ಕೂಡಿಸಿ ಒಂದೇ ಕಾಗದದ ಮೇಲೆ ಮುದ್ರಿಸುವುದು. ಕಡಲಿನ ದಿಗಂತ ನೆಟ್ಟಗಿದ್ದುದರಿಂದ ಬೆಸುಗೆ ಗೊತ್ತಾಗುತ್ತಿರಲಿಲ್ಲ. ಈ ನೆಟ್ಟಗಿನ ಗೆರೆಯ ಮಾತನ್ನು ನೆನಪಿಡಿ, ಆದೋನಿಯ ಬೆಟ್ಟ ಹತ್ತುವಾಗ ಅದು ಮತ್ತೆ ಎದುರಾಗುತ್ತದೆ.

ಮುಂದಿನ ದೊಡ್ಡ ಹೆಜ್ಜೆ ಲೆನ್ಸಿನ ಮುಂದೆ ಆದದ್ದಲ್ಲ, ಬೆಳಕು ಹಿಡಿಯುವ ಗಾಜಿನ ಪ್ಲೇಟಿನ ಮೇಲೆ ಆದದ್ದು. 1873ರಲ್ಲಿ ಜರ್ಮನಿಯ ಹರ್ಮನ್ ಫೋಗೆಲ್ ರಾಸಾಯನಿಕಕ್ಕೆ ಬಣ್ಣ ಬೆರೆಸಿದರೆ ಅದು ಹಸಿರು ಬೆಳಕಿಗೂ ಓಗೊಡುತ್ತದೆಂದು ಕಂಡುಕೊಂಡರು. 1906ರ ವೇಳೆಗೆ ಇಂಗ್ಲೆಂಡಿನ ಕ್ರಾಯ್ಡನ್‌ನ ರ‍್ಯಾಟನ್ ಅಂಡ್ ವೇನ್‌ರೈಟ್ ಕಂಪನಿ ಕೆಂಪನ್ನೂ ಗ್ರಹಿಸುವ ಪ್ಲೇಟುಗಳನ್ನು ಮಾರಾಟಕ್ಕಿಟ್ಟಿತು. ಅಲ್ಲಿದ್ದ ಕೆನೆತ್ ಮೀಸ್ ಆ ಪ್ಲೇಟುಗಳಿಗೆ ತಕ್ಕ ಬಣ್ಣದ ಫಿಲ್ಟರ್‌ಗಳನ್ನು ಲೆಕ್ಕಾಚಾರದಿಂದ ರೂಪಿಸಿದರು. 1912ರಲ್ಲಿ ಕೊಡಕ್ ಆ ಕಂಪನಿಯನ್ನು ಕೊಂಡುಕೊಂಡಿತು, ಮೀಸ್ ಅಮೆರಿಕಕ್ಕೆ ಹೋಗಿ ಕೊಡಕ್‌ನ ಸಂಶೋಧನಾಲಯ ಕಟ್ಟಿದರು. ಹಳದಿಗೆ 8, ಕೆಂಪಿಗೆ 25 ಎಂಬ ರ‍್ಯಾಟನ್ ಸಂಖ್ಯೆಗಳು ಇಂದಿಗೂ ಬಳಕೆಯಲ್ಲಿವೆ. ಹಳದಿ ಗಾಜು ನೀಲಿಯನ್ನು ತಡೆದು ಮೋಡವನ್ನು ಮುಂದಕ್ಕೆ ತರುತ್ತದೆ. ಕೆಂಪು ಗಾಜು ಆಕಾಶವನ್ನು ಗಾಢ ಕಪ್ಪಿನತ್ತ ಒಯ್ಯುತ್ತದೆ, ಬದಲಿಗೆ ಎಂಟು ಪಟ್ಟು ಬೆಳಕು ಕೇಳುತ್ತದೆ.

ಇದರ ಹೆಸರಾಂತ ಉದಾಹರಣೆ 1927ರ ಏಪ್ರಿಲ್ 10ರದು. ಯೊಸೆಮಿಟಿ ಕಣಿವೆಯ ಹಾಫ್ ಡೋಮ್ ಬಂಡೆಯ ಎದುರು ಆನ್ಸೆಲ್ ಆಡಮ್ಸ್ ಹಳದಿ ಫಿಲ್ಟರ್ ಹಾಕಿ ಒಂದು ಪ್ಲೇಟ್ ತೆಗೆದರು. ಮನಸ್ಸು ಒಪ್ಪಲಿಲ್ಲ. ಉಳಿದಿದ್ದ ಕೊನೆಯ ಪ್ಲೇಟಿಗೆ ಗಾಢ ಕೆಂಪು, 29ನೇ ಸಂಖ್ಯೆಯ ಫಿಲ್ಟರ್ ಹಾಕಿದರು. ಕಪ್ಪು ಆಕಾಶದ ಎದುರು ನಿಂತ ಆ ಬಂಡೆಯ ಚಿತ್ರ ಅವರ ಬದುಕನ್ನೇ ತಿರುಗಿಸಿತು. ಅಲ್ಲಿಯವರೆಗೆ ಫಿಲ್ಟರ್ ಎಂದರೆ ಪ್ಲೇಟಿನ ಕುಂದನ್ನು ತಿದ್ದುವ ಸಾಧನ. ಅಂದು ಅದು ಛಾಯಾಗ್ರಾಹಕನ ಮನಸ್ಸಿನಲ್ಲಿದ್ದುದನ್ನು ಹೇಳುವ ಸಾಧನವೂ ಆಯಿತು. ಆದೋನಿಯ ಗ್ರಾನೈಟ್ ಗುಡ್ಡಗಳನ್ನು ಕಪ್ಪು-ಬಿಳುಪಿನಲ್ಲಿ ತೆಗೆಯುವ ಯಾರೇ ಆಗಲಿ ಈ ಚಿತ್ರವನ್ನು ಒಮ್ಮೆಯಾದರೂ ದಿಟ್ಟಿಸಿ ನೋಡಬೇಕು.

ಕನ್ನಡನಾಡಿನಲ್ಲಿ ಈ ವಿದ್ಯೆ ಬೆಳೆದದ್ದು ಬೆಂಗಳೂರಿನ ಹವ್ಯಾಸಿಗಳ ಕೂಟಗಳಲ್ಲಿ. ಚಿತ್ರಸದೃಶ ಛಾಯಾಗ್ರಹಣದ ಹಿರಿಯ ಡಾ. ಜಿ. ಥಾಮಸ್ ಭಾರತೀಯ ಛಾಯಾಗ್ರಹಣ ಒಕ್ಕೂಟವನ್ನು ಕಟ್ಟಿ ಬೆಳೆಸಿದವರಲ್ಲಿ ಮುಖ್ಯರು. ಯೂತ್ ಫೋಟೊಗ್ರಾಫಿಕ್ ಸೊಸೈಟಿ 1971ರಲ್ಲಿ ಹುಟ್ಟಿತು. ಚಿತ್ರಸದೃಶ ಛಾಯಾಗ್ರಹಣದ ಸ್ಪರ್ಧೆಗಳ ಕಾಲದಲ್ಲಿ ಮೋಡ ಚೆನ್ನಾಗಿ ಕಟ್ಟಿದ ದಿನ ಮೋಡದ್ದೇ ನೆಗೆಟಿವ್ ತೆಗೆದಿಟ್ಟುಕೊಂಡು ಮುಂದೆ ಬೇರೆ ಚಿತ್ರಕ್ಕೆ ಸೇರಿಸುವುದು ವಾಡಿಕೆ. ಲ ಗ್ರೇ ಅವರ ಬೆಸುಗೆ ಹೀಗೆ ಬಹುಕಾಲ ಬಾಳಿತು.

ಪೋಲರೈಸರ್‌ನದು ಬೇರೆಯೇ ಮನೆತನ. ಆಕಾಶದ ಬೆಳಕು ಒಂದು ದಿಕ್ಕಿನಲ್ಲಿ ಹೆಚ್ಚು ಕಂಪಿಸುತ್ತದೆಂದು ಫ್ರಾನ್ಸಿನ ಅರಾಗೊ 1809ರಲ್ಲೇ ಗುರುತಿಸಿದ್ದರು. ಆ ಬೆಳಕನ್ನು ಸೋಸುವ ಅಗ್ಗದ ಹಾಳೆಯನ್ನು ಎಡ್ವಿನ್ ಲ್ಯಾಂಡ್ ಮಾಡಿದ್ದು 1929ರ ಸುಮಾರಿಗೆ. 1930ರ ದಶಕದಲ್ಲಿ ಅದು ಲೆನ್ಸಿನ ಮುಂದೆ ಬಂತು. ಉದಯ-ಅಸ್ತದ ಹೊತ್ತಿನಲ್ಲಿ ಇದರ ಬಗ್ಗೆ ಒಂದು ತಪ್ಪು ತಿಳಿವಳಿಕೆ ಬಲವಾಗಿದೆ. ಸೂರ್ಯನಿಗೆ ಎದುರಾಗಿ ನಿಂತು ಪೋಲರೈಸರ್ ಎಷ್ಟು ತಿರುಗಿಸಿದರೂ ಆಕಾಶ ಗಾಢವಾಗುವುದಿಲ್ಲ. ಅದರ ಬಲ ಇರುವುದು ಸೂರ್ಯನಿಂದ 90 ಡಿಗ್ರಿ ದೂರದ ಆಕಾಶದಲ್ಲಿ. ಸೂರ್ಯ ಮೂಡಣದ ಅಂಚಿನಲ್ಲಿದ್ದಾಗ ಆ ಪಟ್ಟೆ ತೆಂಕಣದಿಂದ ನಡುನೆತ್ತಿ ದಾಟಿ ಬಡಗಣಕ್ಕೆ ಇಳಿಯುತ್ತದೆ. ಅಗಲ ನೋಟದ ಲೆನ್ಸಿನಲ್ಲಿ ಆಕಾಶದ ನಡುವೆ ಕಪ್ಪು ತೇಪೆ ಬೀಳುವುದು ಇದೇ ಕಾರಣಕ್ಕೆ. ಹೊಳೆಯ ದಂಡೆಯಲ್ಲಿ ಪೋಲರೈಸರ್ ನಿಜವಾಗಿ ನೆರವಾಗುವುದು ಕೆಳಗೆ, ನೀರಿನಲ್ಲಿ. ಸುಮಾರು 37 ಡಿಗ್ರಿ ಓರೆಯಲ್ಲಿ ನೀರನ್ನು ನೋಡುತ್ತ ಉಂಗುರವನ್ನು ಮೆಲ್ಲಗೆ ತಿರುಗಿಸಿದರೆ ಮೇಲಿನ ಬಿಳಿ ಹೊಳಪು ಕರಗಿ ತಳದ ಬೆಣಚುಕಲ್ಲು, ಪಾಚಿ, ಒದ್ದೆ ಬಂಡೆಯ ಕಂದು ಒಂದೊಂದಾಗಿ ಮೇಲೇಳುತ್ತವೆ. ಇನ್ನೂ ತಿರುಗಿಸಿದರೆ ಹೊಳಪು ವಾಪಸು. ಪೂರ್ತಿ ಅಳಿಸಬೇಡಿ, ಮೂಡಣದ ಕೆಂಪು ನೀರಿನ ಮೇಲೆ ಕೂರುವುದಕ್ಕೆ ಆ ಹೊಳಪೇ ಬೇಕು.

ಬಣ್ಣದ ಸ್ಲೈಡ್ ಫಿಲ್ಮ್ ಬಂದಮೇಲೆ ಹಳೆಯ ಜಗಳ ಇನ್ನಷ್ಟು ಬಿರುಸಾಯಿತು. 1990ರಲ್ಲಿ ಬಂದ ಫ್ಯೂಜಿ ವೆಲ್ವಿಯಾದಂಥ ಫಿಲ್ಮಿನ ಬಣ್ಣ ಕಣ್ಣು ಕುಕ್ಕುವಷ್ಟು ಚೆಂದ, ಆದರೆ ಬೆಳಕು-ನೆರಳಿನ ಅಂತರ ಸುಮಾರು ಐದು ಸ್ಟಾಪ್ (ಒಂದೊಂದು ಸ್ಟಾಪ್‌ಗೂ ಬೆಳಕು ಇಮ್ಮಡಿ) ದಾಟಿದರೆ ಅದಕ್ಕೆ ತಡೆಯಲಾಗದು. ಮುದ್ರಣದಲ್ಲಿ ತಿದ್ದೋಣವೆಂದರೆ ಸ್ಲೈಡಿಗೆ ಆ ಅವಕಾಶವಿಲ್ಲ. ಈ ಸ್ಲೈಡ್ ಕಾಲದಲ್ಲಿ ಮುನ್ನೆಲೆಗೆ ಬಂದದ್ದು ಅರ್ಧ ಬೂದು, ಅರ್ಧ ತಿಳಿಯಾದ ಗ್ರ್ಯಾಡ್. ಝಾನ್ ಕೊಕ್ಯಾಂ 1978ರಲ್ಲಿ ಕೊಕಿನ್ ಹೆಸರಿನಲ್ಲಿ ಚೌಕದ ರೆಸಿನ್ ಫಿಲ್ಟರ್ ಮತ್ತು ಅದನ್ನು ಜಾರಿಸುವ ಚೌಕಟ್ಟನ್ನು ತಂದರು. ತಿರುಪಿನ ಗುಂಡು ಗಾಜಿನಲ್ಲಿ ಗೆರೆ ಸದಾ ನಡುವೆಯೇ ಇರಬೇಕಿತ್ತು; ಇಲ್ಲಿ ಅದನ್ನು ದಿಗಂತ ಇರುವಲ್ಲಿಗೆ ಏರಿಸಬಹುದು, ಇಳಿಸಬಹುದು. ಅದೇ ಗೂಡಿನಿಂದ ತಂಬಾಕು ಬಣ್ಣದ ಗ್ರ್ಯಾಡ್‌ಗಳೂ ಹೊರಬಂದವು. ಎಂಬತ್ತರ ದಶಕದ ಜಾಹೀರಾತು, ಸಿನಿಮಾಗಳ ಕಂದು ಆಕಾಶ ಅವುಗಳ ಕೊಡುಗೆ. ಆ ಕಂದು ನನಗೆ ಯಾವತ್ತೂ ಹಿಡಿಸಲಿಲ್ಲ, ಅದು ಆಕಾಶಕ್ಕೆ ಹೇಳಿಕೊಟ್ಟ ಸುಳ್ಳು. ಅಮೆರಿಕದ ಬೆಟ್ಟಗಾಡಿನ ಛಾಯಾಗ್ರಾಹಕ ಗೇಲನ್ ರೊವೆಲ್ ಸಿಂಗ್-ರೇ ಕಂಪನಿಯೊಂದಿಗೆ ರೂಪಿಸಿದ ಗ್ರ್ಯಾಡ್‌ಗಳು ಇದಕ್ಕೆ ತದ್ವಿರುದ್ಧ: ಬಣ್ಣ ಬೆರೆಸದೆ ಹೊಳಪನ್ನಷ್ಟೇ ತಗ್ಗಿಸುತ್ತವೆ. 0.3 ಎಂದರೆ ಒಂದು ಸ್ಟಾಪ್, 0.6 ಎರಡು, 0.9 ಮೂರು. ಆಮೇಲೆ ಬಂದ ತಿರುವು-ಗ್ರ್ಯಾಡ್ ಕಡಲಿಗೆಂದೇ ಹೇಳಿ ಮಾಡಿಸಿದಂತಿದೆ. ಮುಳುಗುವ ಹೊತ್ತಿನಲ್ಲಿ ಆಕಾಶದ ಅತಿ ಹೊಳಪಿನ ಭಾಗ ದಿಗಂತದ ಅಂಚು, ನೆತ್ತಿಯಲ್ಲ. ಅದಕ್ಕೆ ತಕ್ಕಂತೆ ಇದರ ಗಾಢ ಪಟ್ಟೆ ನಡುಗೆರೆಯಲ್ಲಿದ್ದು ಮೇಲಕ್ಕೆ ಹೋದಂತೆ ತಿಳಿಯಾಗುತ್ತದೆ.

ಈಗ ಆದೋನಿಯ ಬೆಟ್ಟ. ಕೋಟೆಯ ದಾರಿ ಹಿಡಿದು ಹತ್ತಿ ಪಡುವಣಕ್ಕೆ ತಿರುಗಿದರೆ ದಿಗಂತ ಗೆರೆಯಂತಿಲ್ಲ. ಗುಂಡಿನ ಮೇಲೆ ಗುಂಡು ಪೇರಿಸಿದ ಬೆಟ್ಟ, ಕೋಟೆಯ ಗೋಡೆಯ ತುಂಡು, ಅದರಾಚೆ ಎರೆಹೊಲದ ಬಯಲು. ಗಟ್ಟಿ ಗೆರೆಯ ಗ್ರ್ಯಾಡ್ ಇಟ್ಟರೆ ಆಕಾಶದ ಜೊತೆಗೆ ಬಂಡೆಯ ತಲೆಯೂ ಕಪ್ಪಾಗುತ್ತದೆ. ಬೆಳಗಿನ ಬೆಳಕು ಮೊದಲು ಮುಟ್ಟುವುದೇ ಆ ತಲೆಯನ್ನು, ಚಿತ್ರದ ಜೀವ ಇರುವುದೂ ಅಲ್ಲೇ. ಹೊಳೆಯ ದಂಡೆಗೆ ಗಟ್ಟಿ ಗೆರೆ ಒಪ್ಪುತ್ತದೆ, ಬೆಟ್ಟಕ್ಕೆ ಮೆದು ಅಂಚು ಬೇಕು, ಕೆಲವೊಮ್ಮೆ ಯಾವುದೂ ಬೇಡ.

ಇನ್ನೊಂದು ಮಾತನ್ನು ಹೊರದೇಶದ ಕೈಪಿಡಿಗಳು ನಮಗೆ ಹೇಳುವುದಿಲ್ಲ. ಆದೋನಿ ಇರುವುದು ಸುಮಾರು 15.6 ಡಿಗ್ರಿ ಅಕ್ಷಾಂಶದಲ್ಲಿ. ಇಲ್ಲಿ ಸೂರ್ಯ ಕಡಿದಾಗಿ ಇಳಿಯುತ್ತಾನೆ. ಮುಳುಗಿದ ಮೇಲೆ ಚಿತ್ರಕ್ಕೆ ಒದಗುವ ಸಂಜೆಬೆಳಕು ಇಪ್ಪತ್ತೆರಡು ನಿಮಿಷದ ಆಸುಪಾಸು. ಲಂಡನ್ನಿನಲ್ಲಿ ಹಗಲಿರುಳು ಸಮವಾದ ದಿನಗಳಲ್ಲೇ ಅದು ಮೂವತ್ತು ದಾಟುತ್ತದೆ, ಬೇಸಿಗೆಯಲ್ಲಿ ಮುಕ್ಕಾಲು ಗಂಟೆಯ ಮೇಲೂ ಎಳೆಯುತ್ತದೆ. ಅಲ್ಲಿನವರು ಬರೆದ ಪುಸ್ತಕ ಓದಿ ನಿಧಾನವಾಗಿ ಒಂದೊಂದೇ ಫಿಲ್ಟರ್ ತಿರುಪುತ್ತ ಕುಳಿತರೆ ನಮ್ಮಲ್ಲಿ ಬೆಳಕು ಜಾರಿಹೋಗಿರುತ್ತದೆ. ಹೀಗಾಗಿ ಚೌಕಟ್ಟನ್ನು ಮೊದಲೇ ಕೂರಿಸಿಟ್ಟು, ಫಿಲ್ಟರ್‌ಗಳನ್ನು ಬಳಸುವ ಸರದಿಯಲ್ಲೇ ಚೀಲದಲ್ಲಿ ಜೋಡಿಸಿಡುವುದು ನಮ್ಮ ಕಡೆಯವರಿಗೆ ಅನಿವಾರ್ಯ ಶಿಸ್ತು.

2010ರಲ್ಲಿ ಇಂಗ್ಲೆಂಡಿನ ಲೀ ಕಂಪನಿಯ ಬಿಗ್ ಸ್ಟಾಪರ್ ಎಂಬ ಫಿಲ್ಟರ್ ಬಂತು. ಹತ್ತು ಸ್ಟಾಪ್, ಅಂದರೆ ಸಾವಿರ ಪಟ್ಟು ಕಪ್ಪು. ಸೆಕೆಂಡಿನ ಹದಿನೈದನೇ ಒಂದು ಭಾಗ ಸಾಕಿದ್ದ ಕಡೆ ಒಂದು ನಿಮಿಷಕ್ಕೂ ಹೆಚ್ಚು ಹೊತ್ತು ಶಟರ್ ತೆರೆದಿರಬೇಕು. ಅಲೆ ಮಂಜಾಗುತ್ತದೆ, ಮೋಡ ಗೆರೆಯಾಗುತ್ತದೆ. ಮಲ್ಪೆಯಿಂದ ಮುರ್ಡೇಶ್ವರದವರೆಗೆ ಕರಾವಳಿಯ ಬಂಡೆಗಳೆಲ್ಲ ಹಾಲಿನಲ್ಲಿ ಮುಳುಗಿದಂಥ ಚಿತ್ರಗಳ ಸುಗ್ಗಿಯೇ ನಡೆಯಿತು. ಬೇಸಿಗೆಯಲ್ಲಿ ತುಂಗಭದ್ರೆ ಬಂಡೆಗಳ ನಡುವೆ ಸಣ್ಣ ಕವಲುಗಳಾಗಿ ಹರಿಯುವಾಗ ಈ ಗಾಜು ಸೊಗಸಾಗಿ ಕೆಲಸ ಮಾಡುತ್ತದೆ. ಆದರೆ ಹರಿಗೋಲು ತೇಲುತ್ತಿದ್ದರೆ, ದಂಡೆಯಲ್ಲಿ ಸ್ನಾನಕ್ಕಿಳಿದವರಿದ್ದರೆ ಅದನ್ನು ಚೀಲದಿಂದ ತೆಗೆಯಬಾರದು ಎನ್ನುವುದು ನನ್ನ ಖಚಿತ ನಿಲುವು. ಒಂದು ನಿಮಿಷದ ಎಕ್ಸ್‌ಪೋಷರ್‌ನಲ್ಲಿ ಮನುಷ್ಯರು ಅಳಿಸಿಹೋಗುತ್ತಾರೆ. ಮಂತ್ರಾಲಯದ ಹೊಳೆದಂಡೆಯಿಂದ ಜನರನ್ನು ಅಳಿಸಿದರೆ ಉಳಿಯುವುದು ಯಾವುದೋ ಊರಿನ ನೀರು.

ಡಿಜಿಟಲ್ ಸೆನ್ಸರ್ ಅರ್ಧ ಪೆಟ್ಟಿಗೆಯನ್ನೇ ಖಾಲಿ ಮಾಡಿತು. ಬೆಳಕಿನ ಬಣ್ಣ ತಿದ್ದುತ್ತಿದ್ದ 81, 85ರ ಸರಣಿಯ ಫಿಲ್ಟರ್‌ಗಳ ಕೆಲಸ ವೈಟ್ ಬ್ಯಾಲೆನ್ಸ್ ಗುಂಡಿಗೆ ಹೋಯಿತು. ಒಳ್ಳೆಯ ಸೆನ್ಸರ್ ಇಂದು ಹದಿನಾಲ್ಕು ಸ್ಟಾಪ್‌ವರೆಗೂ ತಾಳುತ್ತದೆ. ಸಾಲದಿದ್ದರೆ ಬೇರೆಬೇರೆ ಎಕ್ಸ್‌ಪೋಷರ್‌ನ ಮೂರು ಚಿತ್ರ ತೆಗೆದು ಕಂಪ್ಯೂಟರ್‌ನಲ್ಲಿ ಬೆಸೆಯಬಹುದು. ಮೊಬೈಲ್ ಫೋನು ಈ ಬೆಸುಗೆಯನ್ನು ನಾವು ಕೇಳದೆಯೇ ಮಾಡುತ್ತದೆ. ಲ ಗ್ರೇ ಕತ್ತಲ ಕೋಣೆಯಲ್ಲಿ ಮಾಡಿದ್ದೂ ಇದನ್ನೇ. ಹೀಗೆ ಗ್ರ್ಯಾಡ್ ಈಗ ಇದ್ದರೆ ಅನುಕೂಲ, ಇಲ್ಲದಿದ್ದರೆ ನಡೆಯುತ್ತದೆ. ಆದೋನಿಯ ಬೆಟ್ಟದಲ್ಲಂತೂ ಬೆಸುಗೆಯೇ ಮೇಲು. ಪೋಲರೈಸರ್‌ನ ಮಾತು ಬೇರೆ. ನೀರಿನ ಹೊಳಪಿನ ಅಡಿಯಲ್ಲಿ ಏನಿತ್ತೆಂಬ ಸುದ್ದಿ ಸೆನ್ಸರ್‌ಗೆ ತಲುಪದಿದ್ದರೆ ಯಾವ ತಂತ್ರಾಂಶವೂ ಅದನ್ನು ಮರಳಿ ತರಲಾರದು. ನನ್ನ ಚೀಲದಲ್ಲಿ ಅದಕ್ಕೆ ಖಾಯಂ ಜಾಗ.

ಕಡಲ ದಂಡೆಯಲ್ಲಿ ಫಿಲ್ಟರ್‌ನ ವೈರಿ ಉಪ್ಪುನೀರಿನ ತುಂತುರು. ನಮ್ಮಲ್ಲಿ ಎರೆಮಣ್ಣಿನ ದೂಳು, ಹತ್ತಿಯ ಸುಗ್ಗಿಯಲ್ಲಿ ಅದರ ಜೊತೆಗೆ ನವಿರಾದ ಎಳೆ. ರೆಸಿನ್ ಫಿಲ್ಟರನ್ನು ಒಣಬಟ್ಟೆಯಲ್ಲಿ ಒಮ್ಮೆ ಉಜ್ಜಿದರೆ ಕೂದಲೆಳೆಯ ಗೀರುಗಳು ಬೀಳುತ್ತವೆ. ಮಾಮೂಲು ಬೆಳಕಿನಲ್ಲಿ ಅವು ಕಾಣುವುದಿಲ್ಲ. ಸೂರ್ಯನಿಗೆ ಎದುರು ಹಿಡಿದಾಗ ಒಂದೊಂದು ಗೀರೂ ಹೊತ್ತಿಕೊಂಡು ಚಿತ್ರದ ತುಂಬ ಮಂಕು ಬಳಿಯುತ್ತದೆ. ನನ್ನ ಮೊದಲ ಗ್ರ್ಯಾಡ್ ಹಾಗೇ ಹಾಳಾಯಿತು. ಅಂದಿನಿಂದ ಗಾಳಿ ಊದುವ ರಬ್ಬರ್ ಬುಗ್ಗೆ ಜೇಬಿನಲ್ಲೇ ಇರುತ್ತದೆ. ನಸುಕಿಗೆ ಮುಂಚೆ ಹೊಳೆಗಿಳಿದು, ಟ್ರೈಪಾಡಿನ ಕಾಲುಗಳನ್ನು ಬಂಡೆಯ ಸಂದಿಗೆ ಊರಿ, ಮೊದಲು ಬುಗ್ಗೆಯಿಂದ ಫಿಲ್ಟರ್‌ನ ಎರಡೂ ಮುಖಕ್ಕೆ ಊದುತ್ತೇನೆ. ಆಮೇಲೆ ಕಣ್ಣು ಕಿರಿದು ಮಾಡಿ ಆಕಾಶ, ನೆಲ ಎರಡನ್ನೂ ನೋಡುತ್ತೇನೆ. ಎದುರಿನ ಬಂಡೆಯ ಒರಟು ಇನ್ನೂ ತಿಳಿಯುತ್ತಿದ್ದರೆ 0.6 ಸಾಕು, ಅದು ಬರಿಯ ಕಪ್ಪು ಮುದ್ದೆಯಾದರೆ 0.9. ಸೂರ್ಯನ ಅಂಚು ಕಂಡ ಮೇಲೆ ಪೂರ್ತಿ ಬಿಂಬ ಮೇಲೇಳಲು ಎರಡೇ ನಿಮಿಷ ಸಾಕು. ಆ ಹೊತ್ತಿಗೆ ಕೈ ಪೋಲರೈಸರ್‌ನ ಉಂಗುರದ ಮೇಲಿರಬೇಕು.