ಹೊಳೆಯ ಆಚೆಯ ಐದನೆಯ ತರಗತಿ

ವಾಡಿಯಲ್ಲಿ ನೆಲೆಸಿರುವ ನನ್ನ ಹಳೆಯ ವಿದ್ಯಾರ್ಥಿಯೊಬ್ಬರು ಕಳೆದ ವಾರ ದೂರವಾಣಿಯಲ್ಲಿ, “ಸರ್, ನಮ್ಮ ಕಡೆ ನಡುಗಡ್ಡೆ ಶಾಲೆ ಅಂತ ಎಲ್ಲ್ಯಾದ್ರೂ ಇತ್ತೇನ್ರಿ?” ಎಂದು ಕೇಳಿದರು. ಸೇಡಂ, ಚಿತ್ತಾಪುರ, ಚಿಂಚೋಳಿಯ ಒಣನೆಲದವರಿಗೆ ಈ ಪ್ರಶ್ನೆ ವಿಚಿತ್ರವೆನಿಸಬಹುದು. ಆದರೆ ಉತ್ತರ ಹೌದು ಎಂಬುದೇ.

ಅಂದಿನ ಗುಲಬರ್ಗಾ ಜಿಲ್ಲೆಯ ದಕ್ಷಿಣದ ಅಂಚಿನಲ್ಲಿ, ಕೃಷ್ಣಾ ನದಿಯ ನಡುವೆ, ನೀಲಕಂಠರಾಯನಗಡ್ಡಿ ಎಂಬ ಪುಟ್ಟ ಊರಿದೆ. 2009–10ರಲ್ಲಿ ಯಾದಗಿರಿ ಪ್ರತ್ಯೇಕ ಜಿಲ್ಲೆಯಾಗುವವರೆಗೆ ಅದು ನಮ್ಮ ಜಿಲ್ಲೆಗೇ ಸೇರಿತ್ತು. 1964ರಲ್ಲಿ ಕೃಷ್ಣಾ ಮೇಲ್ದಂಡೆ ಯೋಜನೆಗೆ ಅಡಿಗಲ್ಲು ಬಿದ್ದಿತು. 1982ರಲ್ಲಿ ಆ ಊರಿನ ಮೇಲ್ಭಾಗದಲ್ಲಿ ನಾರಾಯಣಪುರದ ಬಸವಸಾಗರ ಪೂರ್ಣಗೊಂಡಿತು. ಅದರ ಕಾಲುವೆಗಳು ಸುರಪುರ, ಶಹಾಪುರ, ಜೇವರ್ಗಿಯ ಹೊಲಗಳಿಗೆ ನೀರುಣಿಸಿದವು. ಆದರೆ ಮಳೆಗಾಲದಲ್ಲಿ ಜಲಾಶಯದ ಬಾಗಿಲು ತೆರೆದಾಗಲೆಲ್ಲ ಗಡ್ಡಿಯವರ ದಾರಿ ಕಡಿದುಹೋಗುತ್ತಿತ್ತು. ಚಿಕ್ಕ ಮಕ್ಕಳಿಗೆ ಊರಲ್ಲೇ ಶಾಲೆ. ಮುಂದಿನ ಓದಿಗೂ, ಆಸ್ಪತ್ರೆಗೂ, ಸಂತೆಗೂ ಹೊಳೆ ದಾಟಿ ಕಕ್ಕೇರಾದ ಕಡೆಗೇ ಹೋಗಬೇಕು.

ಆ ಊರಿನ ಸುದ್ದಿ ಓದಿದಾಗಲೆಲ್ಲ ನನಗೆ ನೆನಪಾಗುವುದು ನಾನು ಮೊದಲು ಸೇರಿದ ಶಾಲೆ. ಸೇಡಂ ತಾಲ್ಲೂಕಿನಲ್ಲಿ ಕಾಗಿಣಾ ನದಿಗೂ ಒಂದು ಹಳ್ಳಕ್ಕೂ ನಡುವೆ ಇದ್ದ ಊರು ಅದು. ಅನಂತಗಿರಿಯ ಬೆಟ್ಟಗಳಲ್ಲಿ ಹುಟ್ಟಿ, ಮಳಖೇಡದ ಕೋಟೆಯ ಬದಿಯಲ್ಲಿ ಹರಿದು, ಹೊನಗುಂಟಾದ ಬಳಿ ಭೀಮೆಯನ್ನು ಸೇರುವ ಕಾಗಿಣಾ ತುಂಬಿತೆಂದರೆ ಹಳ್ಳದ ನೀರು ಮುಂದೆ ಹರಿಯದೆ ಹಿಂದಕ್ಕೆ ಏರುತ್ತಿತ್ತು. ಮೂರು ನಾಲ್ಕು ದಿನ ನಮ್ಮ ಊರೂ ನಡುಗಡ್ಡೆಯೇ.

ಒಂದೇ ಕೋಣೆ, ಶಹಾಬಾದಿನ ಪರಸಿ ಹಾಸಿದ ನೆಲ, ನಾಲ್ಕು ತರಗತಿ, ಒಬ್ಬನೇ ಶಿಕ್ಷಕ. ಶಾಲೆ ದಿಬ್ಬದ ಮೇಲಿದ್ದುದರಿಂದ ನೀರು ಬಂದಾಗ ತಗ್ಗಿನ ಮನೆಯವರು ಜೋಳದ ಚೀಲಗಳನ್ನು ತಂದು ಕೋಣೆಯಲ್ಲಿ ಒಟ್ಟುತ್ತಿದ್ದರು. ಮಕ್ಕಳು ಆ ಚೀಲಗಳ ಮೇಲೆಯೇ ಕುಳಿತು ಮಗ್ಗಿ ಹೇಳುತ್ತಿದ್ದರು. ನನಗೆ ಸರದಿಯಂತೆ ಒಂದೊಂದು ಮನೆಯಿಂದ ರೊಟ್ಟಿ, ಪುಂಡಿಪಲ್ಯೆ ಬರುತ್ತಿತ್ತು. ಒಂದು ವರ್ಷ ಆಗಸ್ಟ್ 15ರಂದು ಸುತ್ತಲೂ ನೀರಿತ್ತು. ಊರಿನವರೆಲ್ಲ ಮಳೆಯಲ್ಲೇ ನಿಂತು ಧ್ವಜವಂದನೆ ಮಾಡಿದರು. ಸಂತೆಯಿಂದ ಸಕ್ಕರೆ ತರಲಾಗದೆ ಮಕ್ಕಳಿಗೆ ಬೆಲ್ಲ ಹಂಚಿದೆವು.

ಆ ಸಂಜೆಗಳಲ್ಲಿ ಹಿರಿಯರೊಬ್ಬರು ಶಾಲೆಗೆ ಬರುತ್ತಿದ್ದರು. ನಿಜಾಮರ ಕಾಲದಲ್ಲಿ ಉರ್ದುವಿನಲ್ಲಿ ಓದಿದವರು. 1948ರ ಸೆಪ್ಟೆಂಬರ್ 17ರಂದು ಹೈದರಾಬಾದ್ ಸಂಸ್ಥಾನ ಭಾರತಕ್ಕೆ ಸೇರಿತು. 1956ರ ನವೆಂಬರ್ 1ರಂದು ನಮ್ಮ ಜಿಲ್ಲೆ ಮೈಸೂರು ರಾಜ್ಯಕ್ಕೆ ಬಂದಿತು. ಆ ಬಳಿಕ ಕಚೇರಿಯ ಕಾಗದಗಳು ಕನ್ನಡಕ್ಕೆ ತಿರುಗಿದಾಗ ಮನೆಮಾತೇ ಕನ್ನಡವಾಗಿದ್ದ ಆ ಮನುಷ್ಯ ಅಕ್ಷರ ಬಾರದವರ ಸಾಲಿಗೆ ಸೇರಿದರು. ಒಂದನೆಯ ತರಗತಿಯ ಹಲಗೆ ಹಿಡಿದು ಅವರು ಅ, ಆ ತಿದ್ದಿದರು. ಬದಲಿಗೆ ಊರಿನ ಹಳೆಯ ಉರ್ದು ಜಮೀನು ಕಾಗದಗಳನ್ನು ನನಗೆ ಓದಿ ಹೇಳಿದರು.

ಇವೆಲ್ಲ ಹಿತವಾದ ನೆನಪುಗಳು. ಇನ್ನೊಂದು ಹಾಗಲ್ಲ.

ಐದನೆಯ ತರಗತಿ ಹಳ್ಳದ ಆಚೆ ಇತ್ತು. ಗಂಡುಮಕ್ಕಳು ದಾಟಿ ಹೋದರು, ಹೆಣ್ಣುಮಕ್ಕಳು ಉಳಿದರು. ನನಗಿಂತ ಬೇಗ ಲೆಕ್ಕ ಬಿಡಿಸುತ್ತಿದ್ದ ಹುಡುಗಿಯೊಬ್ಬಳ ತಂದೆ, “ದಿನಾ ಹಳ್ಳ ದಾಟ್ಸಿ ಹ್ಯಾಂಗ್ ಕಳಸ್ಲಿರಿ ಸರ್?” ಎಂದು ಕೇಳಿದಾಗ ನನ್ನಲ್ಲಿ ಉತ್ತರವಿರಲಿಲ್ಲ. ಅವಳ ಮನೆಗೆ ಎರಡನೆಯ ಸಲ ನಾನು ಹೋಗಲೂ ಇಲ್ಲ. ದಾಖಲಾತಿ ಪುಸ್ತಕದಲ್ಲಿ ಶಾಲೆ ಬಿಟ್ಟ ಕಾರಣದ ಮುಂದೆ, ವಾಡಿಕೆಯಂತೆ, ‘ವ್ಯಾಸಂಗ ಪೂರ್ಣಗೊಂಡಿದೆ’ ಎಂದು ಬರೆದೆ.

2014ರಲ್ಲಿ ನೀಲಕಂಠರಾಯನಗಡ್ಡಿಯ ತುಂಬು ಗರ್ಭಿಣಿಯೊಬ್ಬರು ಸುರಕ್ಷಿತ ಹೆರಿಗೆಗಾಗಿ, ಒಣಗಿದ ಸೋರೆಬುರುಡೆಗಳನ್ನು ಕಟ್ಟಿಕೊಂಡು, ಮನೆಯವರ ಆಸರೆಯಲ್ಲಿ ತುಂಬಿದ ಕೃಷ್ಣೆಯನ್ನು ಈಜಿ ದಾಟಿದರು. ಹೊರದೇಶದ ಪತ್ರಿಕೆಗಳೂ ಅವರ ಧೈರ್ಯವನ್ನು ಹೊಗಳಿದವು. ನನಗೆ ಮಾತ್ರ ನಾಲ್ಕನೆಯ ತರಗತಿಗೇ ನಿಂತ ನಮ್ಮ ಹುಡುಗಿ ನೆನಪಾದಳು. ದಾಟಲು ಧೈರ್ಯ ಬೇಕಾಗುವ ಕಡೆ ಎಲ್ಲರೂ ದಾಟುವುದಿಲ್ಲ.

ಶಿಕ್ಷಣ ಹಕ್ಕು ಕಾಯ್ದೆಯ 2010ರ ಮಾದರಿ ನಿಯಮಗಳು ಐದನೆಯ ತರಗತಿಯವರೆಗೆ 1 ಕಿ.ಮೀ., ಎಂಟನೆಯವರೆಗೆ 3 ಕಿ.ಮೀ. ಒಳಗೆ ಶಾಲೆಯಿರಬೇಕೆಂದವು, ಪ್ರವಾಹದ ಭಯವಿರುವ ಕಡೆ ಆ ದೂರವನ್ನು ಇನ್ನೂ ಕಡಿಮೆ ಮಾಡಬೇಕೆಂದೂ ಹೇಳಿದವು. ನಮ್ಮ ಹಳ್ಳದ ಆಚೆಯ ಶಾಲೆ ಅರ್ಧ ಮೈಲಿಯೂ ಇರಲಿಲ್ಲ.

ನಿಮ್ಮಲ್ಲಿ ಅನೇಕರು ಈಗ ಶಿಕ್ಷಕರಾಗಿದ್ದೀರಿ. ‘ವ್ಯಾಸಂಗ ಪೂರ್ಣಗೊಂಡಿದೆ’ ಎಂದು ಬರೆಯುವ ಮೊದಲು ಆ ಮನೆಗೆ ಇನ್ನೊಮ್ಮೆ ಹೋಗಿ ಬನ್ನಿ. ನಾನು ಹೋಗಲಿಲ್ಲ.