ಗಾಲಿಕುರ್ಚಿಯ ಕೈಬ್ರೇಕು

ಕುಳಿತವರ ಅಥವಾ ಹಿಂದಿನಿಂದ ತಳ್ಳುವವರ ಕೈಬಲವೊಂದರಿಂದಲೇ ಗಾಲಿಕುರ್ಚಿಯ ಚಕ್ರಗಳನ್ನು ತಡೆಯುವ ಸಾಧನ. ಇದರ ಪ್ರಯೋಜನ ಎರಡು ಬಗೆಯದು: ನಿಂತ ಕುರ್ಚಿಯನ್ನು ನಿಂತಲ್ಲಿಯೇ ಹಿಡಿದಿಡುವುದು ಒಂದು, ಇಳಿಜಾರಿನಲ್ಲಿ ಸಾಗುತ್ತಿರುವ ಕುರ್ಚಿಯ ವೇಗವನ್ನು ಕ್ರಮೇಣ ತಗ್ಗಿಸುವುದು ಮತ್ತೊಂದು. ಸಾಮಾನ್ಯವಾಗಿ ದೊರೆಯುವ ಮಡಿಸುವ ಗಾಲಿಕುರ್ಚಿಗಳಲ್ಲಿ ಇರುವುದು ಮೊದಲನೆಯ ಬಗೆಯ ಬ್ರೇಕು ಮಾತ್ರ. ಅದನ್ನು ಎರಡನೆಯ ಕಾರ್ಯಕ್ಕೆ ಬಳಸಿದಲ್ಲಿ ಚಕ್ರವು ಒಮ್ಮೆಲೇ ಕಚ್ಚಿ ನಿಂತು, ಕುಳಿತವರು ಮುಂದಕ್ಕೆ ಮುಗ್ಗರಿಸುವ ಅಪಾಯವುಂಟು.

ಕಲಬುರಗಿ ಜಿಲ್ಲೆಯ ಸೇಡಂ, ಚಿತ್ತಾಪುರ, ವಾಡಿ, ಶಹಾಬಾದ್ ಮತ್ತು ಚಿಂಚೋಳಿಗಳ ಪ್ರದೇಶವನ್ನು ದೃಷ್ಟಿಯಲ್ಲಿರಿಸಿಕೊಂಡು ಇಲ್ಲಿ ಈ ವಿಷಯವನ್ನು ನಿರೂಪಿಸಿದೆ. ಆಸ್ಪತ್ರೆಯ ಸಮತಟ್ಟಾದ ನೆಲಕ್ಕೆಂದು ಯೋಜಿಸಿದ ಬ್ರೇಕು, ಫರಸಿಕಲ್ಲು, ಕಲ್ಲಿನ ಧೂಳು, ಎರೆಮಣ್ಣು, ಜಾಲಿಯ ಮುಳ್ಳು ಇವು ನಾಲ್ಕೂ ಒಟ್ಟಿಗೆ ಎದುರಾಗುವ ಸೀಮೆಯಲ್ಲಿ ಏಕೆ ಸೋಲುತ್ತದೆ ಎಂಬುದನ್ನು ಅರಿತಲ್ಲದೆ ಗಟ್ಟಿಮುಟ್ಟಾದ ಬ್ರೇಕನ್ನು ರಚಿಸುವುದು ಸಾಧ್ಯವಾಗದು.

ನೆಲದ ಸ್ವರೂಪ

ಬ್ರೇಕಿನ ವಿಚಾರದಲ್ಲಿ ನೆಲದ ವರ್ಣನೆಗೆ ಇಷ್ಟು ಸ್ಥಳ ಕೊಡುವುದು ಅತಿಯೆಂದು ಕೆಲವರಿಗೆ ತೋರಬಹುದು. ಆದರೆ ಬ್ರೇಕು ನಿಲ್ಲಿಸುವುದು ಚಕ್ರವನ್ನು, ಕುರ್ಚಿಯನ್ನು ನಿಲ್ಲಿಸುವುದು ಚಕ್ರಕ್ಕೂ ನೆಲಕ್ಕೂ ನಡುವಿನ ಘರ್ಷಣೆ. ಈ ಸೀಮೆಯ ಬಹುಭಾಗದಲ್ಲಿ ಮೇಲ್ಮಣ್ಣಿನ ಕೆಳಗಿರುವುದು ಭೂವಿಜ್ಞಾನಿಗಳು ಭೀಮಾ ಸಮೂಹವೆಂದು ಹೆಸರಿಸಿರುವ, ಅತಿ ಪ್ರಾಚೀನ ಸಾಗರತಳದಲ್ಲಿ ಸಂಚಯಗೊಂಡ ಸುಣ್ಣಕಲ್ಲಿನ ಸ್ತರ. ಆ ಸ್ತರಗಳು ಬಹುಮಟ್ಟಿಗೆ ಅಡ್ಡಲಾಗಿಯೇ ಉಳಿದುಕೊಂಡಿರುವುದರಿಂದ ಉಳಿಯ ಏಟಿಗೆ ಹಲಗೆ ಹಲಗೆಯಾಗಿ ಸೀಳುತ್ತವೆ. ಬೂದು, ನಸುನೀಲಿ, ಮಾಸಲು ಹಳದಿ ಬಣ್ಣಗಳ ಈ ಹಲಗೆಗಳೇ ಶಹಾಬಾದ್ ಕಲ್ಲು ಅಥವಾ ಫರಸಿ. ಮುಂಬಯಿ–ಮದರಾಸು ಮಾರ್ಗದ ಮೇಲಿರುವ ವಾಡಿಯಿಂದ ಸಿಕಂದರಾಬಾದಿಗೆ ನಿಜಾಮ ಸಂಸ್ಥಾನದ ರೈಲುದಾರಿ 1874ರಲ್ಲಿ ತೆರೆದುದರಿಂದ ಈ ಕಲ್ಲಿಗೆ ಪೂರ್ವಪಶ್ಚಿಮಗಳೆರಡರ ಕಡೆಯೂ ಹಾದಿ ದೊರೆಯಿತು. ಇದೇ ಸುಣ್ಣಕಲ್ಲು ಶಹಾಬಾದ್, ವಾಡಿ, ಮಳಖೇಡ ಮತ್ತು ಸೇಡಮಿನ ಸಿಮೆಂಟು ಉದ್ಯಮಕ್ಕೂ ಮೂಲದ್ರವ್ಯ. ಇಲ್ಲಿಯ ಮನೆಗಳ ಪಡಸಾಲೆ, ಅಂಗಳ, ಬಚ್ಚಲು, ದೇವಾಲಯದ ಪ್ರಾಕಾರ, ಶಾಲೆಯ ವರಾಂಡ, ಓಣಿಯ ಹಾಸು ಎಲ್ಲವೂ ಫರಸಿಯವೇ. ಹಲವು ಹಳ್ಳಿಗಳಲ್ಲಿ ಗೋಡೆಯೂ ಮಾಳಿಗೆಯೂ ಅದರವೇ.

ಸುಣ್ಣಕಲ್ಲಿನ ಮುಖ್ಯ ಖನಿಜವಾದ ಕ್ಯಾಲ್ಸೈಟಿನ ಕಾಠಿಣ್ಯ ಮೋಸ್ ಮಾನದಲ್ಲಿ 3 ಮಾತ್ರ. ಆದ್ದರಿಂದ ಜನರ ಕಾಲ್ತುಳಿತಕ್ಕೇ ಈ ಕಲ್ಲು ಸವೆದು ನಯವಾಗುತ್ತದೆ. ಗಣಿಯಿಂದ ಬಂದ ಹೊಸ ಹಾಸಿನ ಮೇಲೆ ರಬ್ಬರು ಚೆನ್ನಾಗಿ ಹಿಡಿಯುತ್ತದೆ. ನಾಲ್ಕಾರು ತಲೆಮಾರು ತುಳಿದ ಪಡಸಾಲೆಯಲ್ಲಿ, ಅದರಲ್ಲೂ ನೀರು ಚೆಲ್ಲಿ ಅದರೊಡನೆ ನುಣ್ಣನೆಯ ಧೂಳು ಬೆರೆತಾಗ, ಆ ಹಿಡಿತ ತೀರ ಕುಗ್ಗುತ್ತದೆ. ಹೊಲದ ಕಡೆಗೆ ಹೊರಟರೆ ಎರೆಭೂಮಿ: ಬೇಸಗೆಯಲ್ಲಿ ಬಿರುಕು, ಮಳೆಗಾಲದಲ್ಲಿ ಚಕ್ರಕ್ಕೆ ಮೆತ್ತಿಕೊಂಡು ಬಿಡದ ಅಂಟು. ಚಿಂಚೋಳಿಯ ಕಡೆ, ಚಂದ್ರಂಪಳ್ಳಿ ಜಲಾಶಯದ ಸುತ್ತಲಿನ ಗುಡ್ಡಗಾಡಿನಲ್ಲಿ, ಕೆಂಪು ಜಂಬಿಟ್ಟಿಗೆಯ ಗರಸು. ಅಲ್ಲಿ ಕಚ್ಚಿ ನಿಂತ ಚಕ್ರದ ಕೆಳಗೆ ಸಡಿಲ ಹರಳುಗಳೇ ಉರುಳಿ ಕುರ್ಚಿಯನ್ನು ಜಾರಿಸುತ್ತವೆ.

ಪೂರ್ವೇತಿಹಾಸ

ಅಂಗವಿಕಲನೊಬ್ಬನು ತನಗಾಗಿ ತಾನೇ ಕೈಯಿಂದ ನಡೆಸಿಕೊಳ್ಳಬಲ್ಲ ಗಾಡಿಯನ್ನು ಮಾಡಿಕೊಂಡ ಪ್ರಸಿದ್ಧ ನಿದರ್ಶನ ಜರ್ಮನಿಯ ನ್ಯೂರೆಂಬರ್ಗಿನ ಸಮೀಪದ ಗಡಿಯಾರದ ಕುಶಲಕರ್ಮಿ ಸ್ಟೀಫನ್ ಫಾರ್ಫ್ಲರನದು. 1655ರಲ್ಲಿ ಆತ ರಚಿಸಿದ ಮೂರು ಚಕ್ರದ ಗಾಡಿಯ ಮುಂಗಾಲಿಯನ್ನು ತಿರುಗಿಸುತ್ತಿದ್ದುದು ಕೈಹಿಡಿಕೆಗಳು. ಇಂದು ನಮ್ಮ ಊರುಗಳಲ್ಲಿ ಕಾಣುವ, ಕೈಯಿಂದ ತಿರುಗಿಸುವ ತ್ರಿಚಕ್ರ ಸೈಕಲ್ಲು ಅದರದೇ ವಂಶದ್ದು. ಅಡ್ಡಕತ್ತರಿಯಂತೆ ಮಡಿಸುವ ಉಕ್ಕಿನ ಕೊಳವೆಯ ಗಾಲಿಕುರ್ಚಿಯನ್ನು 1930ರ ದಶಕದಲ್ಲಿ ಅಮೆರಿಕದ ಎವರೆಸ್ಟ್ ಮತ್ತು ಜೆನಿಂಗ್ಸ್ ಎಂಬಿಬ್ಬರು ಪ್ರಚಾರಕ್ಕೆ ತಂದರು. ಅವರಲ್ಲಿ ಎವರೆಸ್ಟ್ ಸ್ವತಃ ಗಣಿಯ ಅಪಘಾತದಲ್ಲಿ ಬೆನ್ನು ಮುರಿದುಕೊಂಡವನು ಎಂಬುದು ಈ ಕಲ್ಲುಗಣಿಗಳ ಸೀಮೆಯಲ್ಲಿ ಸ್ಮರಿಸತಕ್ಕ ಸಂಗತಿ. ಬಡ ದೇಶಗಳ ಹಾದಿಗೆ ಹೊಂದುವ, ಅಲ್ಲಿನ ಕಮ್ಮಟಗಳಲ್ಲಿಯೇ ತಯಾರಾಗುವ ಕುರ್ಚಿಯ ವಿಚಾರವನ್ನು 1980ರ ಸುಮಾರಿಗೆ ನಿಕರಾಗುವಾದಲ್ಲಿ ಕೈಗೆತ್ತಿಕೊಂಡವರು, ತಾವೂ ಗಾಲಿಕುರ್ಚಿಯಲ್ಲಿಯೇ ಸಂಚರಿಸುವ ಎಂಜಿನಿಯರ್ ರಾಲ್ಫ್ ಹಾಚ್‌ಕಿಸ್. ಭಾರತದಲ್ಲಿ ಕೃತಕ ಅಂಗಗಳ ತಯಾರಿಕಾ ನಿಗಮವಾದ ಕಾನ್ಪುರದ ಅಲಿಮ್ಕೊ 1972ರಲ್ಲಿ ಸ್ಥಾಪಿತವಾಯಿತು. ಸಾಧನೋಪಕರಣಗಳ ವಿತರಣೆಗೆಂದು ಕೇಂದ್ರ ಸರ್ಕಾರದ ಅಡಿಪ್ ಯೋಜನೆ 1981ರಿಂದ ನಡೆಯುತ್ತಿದೆ. ಕರ್ನಾಟಕದಲ್ಲಿ ಅಂಗವಿಕಲರಿಗಾಗಿ 1959ರಿಂದ ದುಡಿಯುತ್ತಿರುವ ಅಸೋಸಿಯೇಷನ್ ಆಫ್ ಪೀಪಲ್ ವಿತ್ ಡಿಸೆಬಿಲಿಟಿ, 1994ರಲ್ಲಿ ಆರಂಭವಾದ ಮೊಬಿಲಿಟಿ ಇಂಡಿಯಾ, ಇವೆರಡೂ ಬೆಂಗಳೂರಿನ ಸಂಸ್ಥೆಗಳು.

ಒತ್ತುಬ್ರೇಕು: ಬಲದ ಲೆಕ್ಕ

ಹಿಂಚಕ್ರದ ಟಯರಿನ ಮೇಲೆ ಉಕ್ಕಿನ ಗಟ್ಟಿಯೊಂದನ್ನು ಸನ್ನೆಯ ಮೂಲಕ ಒತ್ತಿ ಹಿಡಿಯುವುದೇ ಒತ್ತುಬ್ರೇಕು. ಕುಳಿತವರೂ ಕುರ್ಚಿಯೂ ಸೇರಿ 100 ಕಿಲೋ ತೂಕವೆಂದು ಇಟ್ಟುಕೊಂಡರೆ, ಸಾರ್ವಜನಿಕ ಕಟ್ಟಡಗಳ ರ‍್ಯಾಂಪಿಗೆ ಅಂಗೀಕೃತವಾದ 12 ಅಡಿಗೆ 1 ಅಡಿಯ ಇಳಿಜಾರಿನಲ್ಲಿ ಅದನ್ನು ಕೆಳಗೆಳೆಯುವ ಬಲ ಸುಮಾರು 8.3 ಕಿಲೋ, ಪ್ರತಿ ಹಿಂಚಕ್ರದ ಪಾಲು 4 ಕಿಲೋಗೆ ತುಸು ಮೇಲೆ. ಉಕ್ಕಿಗೂ ರಬ್ಬರಿಗೂ ನಡುವಿನ ಘರ್ಷಣಾಂಕವನ್ನು 0.5 ಎಂದು ಭಾವಿಸಿದರೆ ಗಟ್ಟಿಯು ಟಯರನ್ನು ಅದರ ಎರಡರಷ್ಟು, ಎಂದರೆ 8 ಕಿಲೋಗೆ ಮೀರಿ ಒತ್ತಬೇಕು. ರಕ್ಷಣೆಗೆಂದು ಅದನ್ನೂ ಇಮ್ಮಡಿಗೊಳಿಸಿ 16–17 ಕಿಲೋ ಎಂದು ಎಣಿಸುವುದು ವಿಹಿತ. ಹಳೆಯ ಮನೆಗಳ ಮುಂದೆ ಕಲ್ಲುಹಾಸಿ ಮಾಡಿಕೊಂಡ ಏರುಗಳು 8ಕ್ಕೆ 1 ಆಗಿರುವುದೂ ಉಂಟಷ್ಟೆ. ಅಲ್ಲಿ ಇದೇ ಲೆಕ್ಕ 25 ಕಿಲೋಗೆ ಏರುತ್ತದೆ.

ಇಳಿಜಾರಿಗಿಂತಲೂ ಕಠಿಣವಾದ ಪರೀಕ್ಷೆ ಹೊರಸಿನ ಪಕ್ಕದಲ್ಲಿ ನಡೆಯುತ್ತದೆ. ಕುರ್ಚಿಯಿಂದ ಹೊರಸಿಗೆ ಸರಿಯುವಾಗ ವ್ಯಕ್ತಿಯು ಒಂದು ಕೈಯನ್ನು ಹೊರಸಿನ ಚೌಕಟ್ಟಿನ ಮೇಲೂ ಇನ್ನೊಂದನ್ನು ಕುರ್ಚಿಯ ಆಸನದ ಮೇಲೂ ಊರಿ ದೇಹವನ್ನೆತ್ತುತ್ತಾನೆ. ಆ ಕ್ಷಣದಲ್ಲಿ ಕುರ್ಚಿಗೆ ತಗಲುವ ಹಿಮ್ಮುಖ ತಳ್ಳು ಅಡ್ಡಡ್ಡಲಾಗಿರುವುದಲ್ಲದೆ ಹಠಾತ್ತಾದುದು, ಮತ್ತು ಭಾರವೆಲ್ಲ ಒಂದೇ ಚಕ್ರದ ಮೇಲೆ ಬಿದ್ದಿರುತ್ತದೆ. ಎಡಬಲದ ಬ್ರೇಕುಗಳಲ್ಲಿ ಒಂದು ಸಡಿಲವಾಗಿದ್ದರೂ ಕುರ್ಚಿ ಆ ಬದಿಯಿಂದ ತಿರುಗಿ, ಹೊರಸಿಗೂ ಅದಕ್ಕೂ ನಡುವೆ ಬಾಯಿ ತೆರೆಯುತ್ತದೆ. ಬೆನ್ನುಹುರಿಗೆ ಪೆಟ್ಟಾಗಿ ಸೊಂಟದ ಕೆಳಗೆ ಸ್ಪರ್ಶಜ್ಞಾನವಿಲ್ಲದವರಿಗೆ ಇಂಥ ಬೀಳು ಪ್ರಾಣಾಂತಿಕವಾದ ಹುಣ್ಣುಗಳಿಗೆ ಮೊದಲಾಗಬಹುದು. ಆದುದರಿಂದ ಬ್ರೇಕಿನ ಯೋಗ್ಯತೆಯನ್ನು ಮುಮ್ಮುಖ ಹಿಮ್ಮುಖ ಎರಡೂ ದಿಕ್ಕಿನಲ್ಲಿ ಪರೀಕ್ಷಿಸತಕ್ಕದ್ದು. ಗಟ್ಟಿಯನ್ನು ಹೊತ್ತ ತೋಳಿನ ಕೀಲು ಇರುವ ಸ್ಥಾನವನ್ನನುಸರಿಸಿ, ಚಕ್ರ ಒಂದು ಕಡೆ ಉರುಳಲೆಳಸಿದಾಗ ಗಟ್ಟಿ ತಾನಾಗಿ ಒಳಕ್ಕೆ ಬಿಗಿಯುವುದೂ ಇನ್ನೊಂದು ಕಡೆ ಉರುಳಲೆಳಸಿದಾಗ ಸಡಿಲುವುದೂ ಈ ಬಗೆಯ ಬ್ರೇಕಿನ ಸಹಜ ಗುಣ.

ಸನ್ನೆಯ ರಚನೆ

ಹಿಡಿಕೆ ಕೀಲಿನಿಂದ 180 ಮಿಲಿಮೀಟರು, ಗಟ್ಟಿ ಕೀಲಿನಿಂದ 30 ಮಿಲಿಮೀಟರು ದೂರವಿದ್ದರೆ ಕೈಬಲ ಆರರಷ್ಟಾಗುತ್ತದೆ. 4 ಕಿಲೋ ಒತ್ತಿದರೆ 24 ಕಿಲೋ. ಆದರೆ ಸರಳ ಸನ್ನೆ ಕೈಬಿಟ್ಟೊಡನೆ ಹಿಂದಕ್ಕೆ ಚಿಮ್ಮುವುದರಿಂದ ಎರಡು ಕೊಂಡಿಗಳನ್ನು ಜೋಡಿಸಿದ ಟಾಗಲ್ ರಚನೆಯನ್ನು ಬಳಸುವುದು ರೂಢಿ. ಮೂರು ಕೀಲುಗಳು ಒಂದೇ ರೇಖೆಗೆ ಬರುವ ಬಿಂದುವಿಗೆ ಸತ್ತಬಿಂದುವೆಂದು ಹೆಸರು. ಅದನ್ನು ಸಮೀಪಿಸಿದಂತೆಲ್ಲ ಅಲ್ಪ ಕೈಬಲಕ್ಕೂ ಅಪಾರ ಒತ್ತಡ ದೊರೆಯುತ್ತದೆ. ಅದನ್ನು ತುಸುವೇ ದಾಟಿ ತಡೆಗೂಟಕ್ಕೆ ತಾಗಿ ನಿಂತಾಗ ಟಯರಿನ ಎದುರೊತ್ತು ಸನ್ನೆಯನ್ನು ತೆರೆಯುವ ಬದಲು ಇನ್ನಷ್ಟು ಮುಚ್ಚುತ್ತದೆ. ಈ ದಾಟು 3ರಿಂದ 5 ಅಂಶ ಇರುವುದು ಯೋಗ್ಯ. ಕಡಿಮೆಯಾದರೆ ಕುಲುಕಾಟಕ್ಕೆ ಬ್ರೇಕು ಬಿಚ್ಚಿಕೊಳ್ಳುತ್ತದೆ. ಹೆಚ್ಚಾದರೆ ಗಟ್ಟಿ ಹಿಂದೆ ಸರಿದು ಒತ್ತಡ ತಗ್ಗುವುದಲ್ಲದೆ ಬಿಡಿಸುವುದೂ ಪ್ರಯಾಸವಾಗುತ್ತದೆ.

ಈ ರಚನೆಯ ಮರ್ಮಸ್ಥಾನ ಕೀಲು. 6 ಮಿಲಿಮೀಟರಿನ ರಿವೆಟ್ಟಿನ ರಂಧ್ರ ಅರ್ಧ ಮಿಲಿಮೀಟರು ಸವೆದರೆ, ಮೂರು ಕೀಲುಗಳ ಸವೆತ ಕೂಡಿ, ಗಟ್ಟಿಯು ಟಯರಿನೊಳಕ್ಕೆ ಇಳಿಯಬೇಕಾದ 5 ಮಿಲಿಮೀಟರಿನಲ್ಲಿ ಗಣ್ಯ ಭಾಗ ನಷ್ಟವಾಗಿಬಿಡುತ್ತದೆ. ಕಲ್ಲು ಪಾಲಿಶು ಮಾಡುವ ಊರುಗಳಲ್ಲಿ ಹಾರುವ ಧೂಳು ಎಣ್ಣೆ ಹಚ್ಚಿದ ಕೀಲಿನಲ್ಲಿ ಅರೆಯುವ ಲೇಪವಾಗಿ ಪರಿಣಮಿಸುವುದರಿಂದ ಎಣ್ಣೆ ಇಲ್ಲಿ ಉಪಕಾರಕ್ಕಿಂತ ಅಪಕಾರವನ್ನೇ ಮಾಡುತ್ತದೆ. ರಿವೆಟ್ಟಿಗೆ ಬದಲಾಗಿ 8 ಮಿಲಿಮೀಟರಿನ ಬೋಲ್ಟು, ಅದರ ಸುತ್ತ ನೈಲಾನಿನ ಒಣ ಬುಷ್ಷು, ಎರಡೂ ಬದಿಗೆ ವಾಷರು, ಸಡಿಲಗೊಳ್ಳದ ನೈಲಾಕ್ ನಟ್ಟು, ಇಷ್ಟನ್ನು ಅಳವಡಿಸಿದರೆ ಬುಷ್ಷನ್ನು ಯಾವ ಸೈಕಲ್ ರಿಪೇರಿ ಅಂಗಡಿಯವನಾದರೂ ಬದಲಿಸಿ ಕೊಡಬಲ್ಲನು. ಗಟ್ಟಿಗೆ 12 ಮಿಲಿಮೀಟರಿನ ಉಕ್ಕಿನ ಸಲಾಕೆ ಸಾಕು; ಅದು ಟಯರಿಗಿಂತ ಅಗಲವಾಗಿದ್ದು, ಮೈಮೇಲೆ ಉದ್ದುದ್ದ ಗೀರುಗಳಿರಬೇಕು. ನುಣುಪಾದ ಸಲಾಕೆ ಎರೆಯ ಕೆಸರಿನ ಮೇಲೆ ಜಾರುತ್ತದೆ. ಗೀರಿದ್ದರೆ ಕೆಸರು ಆ ಸಂದುಗಳಿಗೆ ಸರಿದು ಉಕ್ಕು ರಬ್ಬರನ್ನು ಮುಟ್ಟುತ್ತದೆ.

ಆದರೂ ಒತ್ತುಬ್ರೇಕಿಗೆ ಪರಿಹರಿಸಲಾಗದ ದೌರ್ಬಲ್ಯವೊಂದುಂಟು: ಅದರ ಬಲವೆಲ್ಲ ಟಯರಿನ ಗಾಳಿಯನ್ನು ಅವಲಂಬಿಸಿದೆ. ಗಾಳಿಯಿಳಿದ ಟಯರು ಎದುರೊತ್ತು ಕೊಡದು. ರಸ್ತೆಯಂಚಿಗೆಲ್ಲ ಬಳ್ಳಾರಿಜಾಲಿ ಹಬ್ಬಿರುವಲ್ಲಿ ಪಂಕ್ಚರು ನಿತ್ಯದ ಮಾತು; ಅದು ಸಂಚಾರವನ್ನು ಕೆಡಿಸುವುದಕ್ಕೆ ಮುಂಚೆಯೇ, ಯಾರಿಗೂ ತಿಳಿಯದಂತೆ, ಬ್ರೇಕನ್ನು ಕೆಡಿಸಿರುತ್ತದೆ. ಗಾಳಿಯಿಲ್ಲದ ಗಟ್ಟಿ ರಬ್ಬರಿನ ಟಯರು ಈ ದೋಷವನ್ನು ನೀಗುತ್ತದೆಯಾದರೂ ಕಲ್ಲುಹಾದಿಯ ಕುಲುಕನ್ನು ನೇರವಾಗಿ ಕುಳಿತವರ ಬೆನ್ನಿಗೆ ಮುಟ್ಟಿಸುತ್ತದೆ. ಗಾಳಿಯ ಟಯರನ್ನೇ ಉಳಿಸಿಕೊಂಡು, ಬ್ರೇಕನ್ನು ಚೌಕಟ್ಟಿಗೆ ಹಿಡಿಸುವ ಪಟ್ಟಿಯಲ್ಲಿ ಉದ್ದನೆಯ ಸೀಳುರಂಧ್ರವಿರಿಸಿ, ಒಂದೇ ಸ್ಪ್ಯಾನರಿನಿಂದ ಮುಂದೆ ಹಿಂದೆ ಸರಿಸಿಕೊಳ್ಳುವ ಅನುಕೂಲ ಮಾಡುವುದು ಲೇಸೆಂದು ಈ ಲೇಖಕನ ಮತ.

ಡ್ರಮ್ ಬ್ರೇಕು

ಚಕ್ರದ ಹಬ್ಬಿನೊಳಗೆ ಅಡಗಿರುವ ಡ್ರಮ್ ಬ್ರೇಕಿಗೆ ಟಯರಿನ ಗಾಳಿಯ ಹಂಗಿಲ್ಲ. ಮಳೆ, ಕೆಸರು, ಧೂಳುಗಳ ಬಾಧೆಯೂ ಅಲ್ಪ. ವೇಗವನ್ನು ಕ್ರಮವಾಗಿ ತಗ್ಗಿಸಬಲ್ಲುದಾದ್ದರಿಂದ ತಳ್ಳುವವರ ಹಿಡಿಕೆಗೆ ಕೇಬಲಿನ ಮೂಲಕ ಜೋಡಿಸಲು ಇದು ಅತ್ಯುತ್ತಮ. ಆದರೆ ಡ್ರಮ್ಮಿನ ತ್ರಿಜ್ಯ ಕಿರಿದಾದಷ್ಟೂ ಬೇಕಾಗುವ ಬಲ ಹಿರಿದು: 305 ಮಿಲಿಮೀಟರು ತ್ರಿಜ್ಯದ ಚಕ್ರದಂಚಿನಲ್ಲಿ 4 ಕಿಲೋ ಬಲವನ್ನು ತಡೆಯಲು 45 ಮಿಲಿಮೀಟರು ತ್ರಿಜ್ಯದ ಡ್ರಮ್ಮಿನ ಮೇಲೆ ಸುಮಾರು 27 ಕಿಲೋ ಬೇಕು. ಈ ಬಲವೆಲ್ಲ ಚಕ್ರದ ಕಡ್ಡಿಗಳ ಮೂಲಕ ಹಾಯುವುದರಿಂದ ಕಡ್ಡಿಗಳನ್ನು ಹಬ್ಬಿನಿಂದ ನೆಟ್ಟಗೆ ಹೊರಡಿಸದೆ ಒಂದನ್ನೊಂದು ಅಡ್ಡಹಾಯುವಂತೆ ಹೆಣೆಯಬೇಕು. ಕೇಬಲು ಕಾಲಕ್ರಮದಲ್ಲಿ ಹಿಗ್ಗುವುದೂ ತುಕ್ಕು ಹಿಡಿಯುವುದೂ ಇದರ ಕೊರತೆ.

ತ್ರಿಚಕ್ರ ಸೈಕಲ್ಲು

ಪೋಲಿಯೋದಿಂದ ಕಾಲು ಸೋತ ತಲೆಮಾರಿನವರ ಮುಖ್ಯ ವಾಹನವಿದು. ಸೈಕಲ್ಲಿನ ರಿಮ್ ಬ್ರೇಕನ್ನೇ ಮುಂಗಾಲಿಗೆ ಅಳವಡಿಸಿದ ವಾಹನಗಳಲ್ಲಿ ಇಳಿಜಾರಿನ ತಡೆ ಒಂದೇ ಚಕ್ರದ ಹೊಣೆ. ಭಾರ ಹಿಂದಿರುವುದರಿಂದ ಅದು ಸಾಲದು. ಹಿಂಚಕ್ರವೊಂದಕ್ಕಾದರೂ ನಿಲುಗಡೆಯ ಬ್ರೇಕು ಅಗತ್ಯ.

ಪರೀಕ್ಷೆ

ಗಾಲಿಕುರ್ಚಿಗಳ ಅಂತರರಾಷ್ಟ್ರೀಯ ಮಾನಕವಾದ ಐಎಸ್ಒ 7176ರ ಮೂರನೆಯ ಭಾಗ ಬ್ರೇಕಿನ ಸಾಮರ್ಥ್ಯವನ್ನು ಅಳೆಯುವ ವಿಧಾನವನ್ನು ಹೇಳುತ್ತದೆ. ಎಂಟನೆಯ ಭಾಗದಲ್ಲಿ ಕುರ್ಚಿಯನ್ನು ಉಬ್ಬುಪಟ್ಟಿಗಳುಳ್ಳ ಜೋಡಿ ಉರುಳೆಗಳ ಮೇಲೆ 2,00,000 ಸುತ್ತು ಓಡಿಸುವ ಬಾಳಿಕೆಯ ಪರೀಕ್ಷೆಯಿದೆ. ಪರೀಕ್ಷಾ ನೆಲದ ಘರ್ಷಣೆಯನ್ನು ಗೊತ್ತುಪಡಿಸುವುದಕ್ಕೆಂದೇ ಹದಿಮೂರನೆಯ ಭಾಗ ಮೀಸಲು. ಅಲ್ಲಿಯ ನೆಲ ಚಕ್ರವನ್ನು ಚೆನ್ನಾಗಿ ಹಿಡಿಯುವಂಥದು. ಈ ಸೀಮೆಗೆ ಅದರೊಡನೆ ಇನ್ನೊಂದು ಲೆಕ್ಕವೂ ಬೇಕು. ಕುರ್ಚಿ ಇಳಿಜಾರಿಗೆ ಮುಖ ಮಾಡಿ ನಿಂತಾಗ ಭಾರ ಬ್ರೇಕಿಲ್ಲದ ಮುಂಗಾಲಿಗಳತ್ತ ವಾಲುತ್ತದೆ. ಸಮನೆಲದಲ್ಲಿ ನೂರಕ್ಕೆ 60ರಷ್ಟು ಭಾರ ಹೊರುವ ಹಿಂಚಕ್ರಗಳ ಪಾಲು 8ಕ್ಕೆ 1ರ ಇಳಿಜಾರಿನಲ್ಲಿ 43ರ ಆಸುಪಾಸಿಗೆ ಇಳಿಯಬಹುದು. ಆಗ ಕುರ್ಚಿ ಜಾರದಿರಲು ಟಯರಿಗೂ ನೆಲಕ್ಕೂ ನಡುವೆ 0.29ರಷ್ಟಾದರೂ ಘರ್ಷಣಾಂಕ ಬೇಕು; ಏರಿಗೆ ಮುಖ ಮಾಡಿ ನಿಂತರೆ 0.16 ಸಾಕು, ಆದರೆ ಹಿಮ್ಮಗ್ಗುಲಿಗೆ ಮಗುಚುವ ಭಯವುಂಟು. ನೆನೆದ ನುಣುಪು ಫರಸಿ ಮೊದಲನೆಯ ಪ್ರಮಾಣವನ್ನು ಒದಗಿಸುವುದೆಂಬ ಭರವಸೆಯಿಲ್ಲ. ಆದುದರಿಂದ ಬ್ರೇಕು ತಯಾರಿಸುವ ಕಮ್ಮಟದಲ್ಲಿ ಹಳೆಯ ಪಡಸಾಲೆಯಿಂದ ಕಿತ್ತ ಸವೆದ ಫರಸಿಯೊಂದನ್ನು ಓರೆಯಾಗಿ ಹಾಸಿ, ಅದರ ಮೇಲೆ ನೀರೂ ಕಲ್ಲಿನ ಧೂಳೂ ಚೆಲ್ಲಿ, ಟಯರಿನ ಗಾಳಿಯನ್ನು ಅರ್ಧಕ್ಕಿಳಿಸಿ, 100 ಕಿಲೋ ಭಾರ ಹೇರಿದ ಕುರ್ಚಿಯನ್ನು ಎರಡೂ ಮುಖವಾಗಿ ನಿಲ್ಲಿಸಿ ನೋಡತಕ್ಕದ್ದು. ಉರುಳಿದರೆ ದೋಷ ಬ್ರೇಕಿನದು, ಉರುಳದೆ ಜಾರಿದರೆ ಟಯರಿನ ಮೈಗೆರೆಗಳದು ಅಥವಾ ಹಿಂಚಕ್ರದ ಅಚ್ಚಿನ ಸ್ಥಾನದ್ದು.